ಅಂಟಿಯೂ ಅಂಟದ ಗೋಂದಿನ ಕಥೆ

ಅಮೆರಿಕದ ಮಿನೆಸೋಟ ರಾಜ್ಯದ ಚರ್ಚೊಂದರಲ್ಲಿ ಆರ್ಟ್ ಫ್ರೈ ಎಂಬ ಎಂಜಿನಿಯರ್ ಗಾಯಕವೃಂದದಲ್ಲಿ ಹಾಡುತ್ತಿದ್ದರು. ಇದು 1974ರ ಸುಮಾರಿನ ಮಾತು. ಬುಧವಾರ ರಾತ್ರಿ ಅಭ್ಯಾಸ, ಭಾನುವಾರ ಬೆಳಿಗ್ಗೆ ಹಾಡು. ಅಭ್ಯಾಸದ ದಿನ ಯಾವ ಯಾವ ಹಾಡು ಎಂದು ಗೊತ್ತುಮಾಡಿಕೊಂಡು, ಆಯಾ ಪುಟಗಳ ನಡುವೆ ಕಾಗದದ ಚೂರುಗಳನ್ನು ಗುರುತಿಗೆ ಇಟ್ಟುಕೊಳ್ಳುವುದು ಅವರ ರೂಢಿ. ಭಾನುವಾರ ಎದ್ದುನಿಂತು ಪುಸ್ತಕ ಬಿಚ್ಚಿದರೆ ಚೂರುಗಳೆಲ್ಲ ನೆಲದ ಮೇಲೆ! ಅಕ್ಕಪಕ್ಕದವರು ಹಾಡು ಎತ್ತಿಕೊಂಡಾಗಿದೆ, ಇವರಿನ್ನೂ ಪುಟ ಹುಡುಕುತ್ತಿದ್ದಾರೆ.

ಒಂದು ಭಾನುವಾರ ಉಪದೇಶ ಸ್ವಲ್ಪ ಉದ್ದಕ್ಕೆ ಎಳೆಯಿತು. ಫ್ರೈ ಅವರ ಮನಸ್ಸು ಆ ಚೂರುಗಳ ಕಡೆಗೆ ಹೋಯಿತು. ಕಾಗದ ಪುಟಕ್ಕೆ ಅಂಟಿಕೊಂಡಿರಬೇಕು, ಆದರೆ ಕಿತ್ತಾಗ ಪುಟ ಹರಿಯಬಾರದು. ಅಂಥದೊಂದು ಗೋಂದು ಇದ್ದಿದ್ದರೆ? ಕೂಡಲೇ ನೆನಪಾಯಿತು. ಅಂಥ ಗೋಂದು ಇದೆ! ತಾವು ಕೆಲಸ ಮಾಡುವ ಕಂಪೆನಿಯಲ್ಲೇ ಇದೆ. ಅದನ್ನು ಮಾಡಿದ ರಸಾಯನವಿಜ್ಞಾನಿ ಐದಾರು ವರ್ಷಗಳಿಂದ ಅದರ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಕಚೇರಿಯ ಕಡತಗಳ ಮೇಲೆ, ವಿದ್ಯಾರ್ಥಿಗಳ ಪಠ್ಯಪುಸ್ತಕಗಳ ಅಂಚಿನಲ್ಲಿ, ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಕಾಣುವ ಹಳದಿ ಚೀಟಿ ಹುಟ್ಟಿದ್ದು ಹೀಗೆ. ಪೋಸ್ಟ್-ಇಟ್ ಎಂಬ ಹೆಸರಿನ ಈ ಚೀಟಿಯನ್ನು 'ಆಕಸ್ಮಿಕವಾಗಿ ಕಂಡುಹಿಡಿದದ್ದು' ಎಂದು ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸುವುದುಂಟು. ಆಕಸ್ಮಿಕ ನಡೆದದ್ದು 1968ರಲ್ಲಿ. ಚೀಟಿ ಅಮೆರಿಕದ ಅಂಗಡಿಗಳಿಗೆ ಬಂದದ್ದು 1980ರಲ್ಲಿ. ನಡುವಿನ ಹನ್ನೆರಡು ವರ್ಷಗಳನ್ನು ಆಕಸ್ಮಿಕ ಎನ್ನುವುದು ಹೇಗೆ? ಆ ವರ್ಷಗಳಲ್ಲಿ ಒಂದು ದೊಡ್ಡ ಸಂಸ್ಥೆ, ಯಾವ ಉಪಯೋಗಕ್ಕೆಂದು ಯಾರಿಗೂ ತಿಳಿಯದ ಒಂದು ವಸ್ತುವನ್ನು ಕಸದಬುಟ್ಟಿಗೆ ಎಸೆಯದೆ ಉಳಿಸಿಕೊಂಡದ್ದೇ ಇಲ್ಲಿ ಸೋಜಿಗದ ಸಂಗತಿ.

ಸಬ್ಬಕ್ಕಿಯಂಥ ಗೋಂದು

ಗೋಂದಿನಿಂದ ಎಲ್ಲರೂ ಬಯಸುವುದು ಒಂದೇ ಗುಣ: ಹಿಡಿದರೆ ಬಿಡಬಾರದು. ಹಲಸಿನ ಹಣ್ಣು ಬಿಡಿಸುವವರು ಕೈಗೆ ಎಣ್ಣೆ ಸವರಿಕೊಳ್ಳುವುದು ಏಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಿನೆಸೋಟದ ತ್ರೀಎಂ ಕಂಪೆನಿಯ ಪ್ರಯೋಗಾಲಯದಲ್ಲಿ 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಮತ್ತು ಅವರ ಸಹೋದ್ಯೋಗಿಗಳಿಗೆ ವಹಿಸಿದ್ದ ಕೆಲಸವೂ ಅಂಥದ್ದೇ. ವಿಮಾನದ ಭಾಗಗಳನ್ನು ಜೋಡಿಸುವಷ್ಟು ಬಲವಾದ ಅಂಟು ಬೇಕಾಗಿತ್ತು. ಕೊಲೊರಾಡೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಎರಡು ವರ್ಷಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ್ದ ಸಿಲ್ವರ್‌ಗೆ ಆಗ ಇಪ್ಪತ್ತೇಳು ವರ್ಷ.

ಸಣ್ಣ ಸಣ್ಣ ಅಣುಗಳು ಸರಪಳಿಯಂತೆ ಒಂದಕ್ಕೊಂದು ಸೇರಿಕೊಂಡು ಪಾಲಿಮರ್ ಆಗುವ ಕ್ರಿಯೆಯನ್ನು ಪ್ರೌಢಶಾಲೆಯ ಮಕ್ಕಳೂ ಓದಿರುತ್ತಾರೆ. ಆ ಕ್ರಿಯೆ ನಡೆಸುವ ರಾಸಾಯನಿಕವನ್ನು ಇಂತಿಷ್ಟೇ ಹಾಕಬೇಕೆಂದು ಪುಸ್ತಕಗಳಲ್ಲಿ ಹೇಳಿದೆ. ಸಿಲ್ವರ್ ಅದನ್ನು ಬೇಕೆಂದೇ ಹೆಚ್ಚಾಗಿ ಹಾಕಿದರು. ಏನಾಗುತ್ತದೆಂದು ನೋಡೋಣ ಎಂಬ ಕುತೂಹಲ, ಅಷ್ಟೆ. ಮೊದಲೇ ಕುಳಿತು ಪುಸ್ತಕಗಳನ್ನೆಲ್ಲ ತಿರುವಿಹಾಕಿದ್ದರೆ ಆ ಪ್ರಯೋಗಕ್ಕೆ ಕೈಹಾಕುತ್ತಲೇ ಇರಲಿಲ್ಲವೆಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ.

ದೊರೆತದ್ದು ವಿಚಿತ್ರ ವಸ್ತು. ಸಾಮಾನ್ಯ ಅಂಟು ಮೇಲ್ಮೈಯ ಮೇಲೆ ಎಣ್ಣೆಯಂತೆ ಹರಡಿ, ಸಣ್ಣ ತಗ್ಗುಗಳಿಗೂ ಇಳಿದು ಹಿಡಿದುಕೊಳ್ಳುತ್ತದೆ. ಇದು ಹರಡಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ಗುಂಡುಗಳು. ಒಂದು ಹಾಳೆಯ ದಪ್ಪದಷ್ಟೂ ಇಲ್ಲದ ಪುಟ್ಟ ಗೋಳಗಳು! ತಟ್ಟೆಯ ಮೇಲೆ ನೆನೆಸಿದ ಸಬ್ಬಕ್ಕಿಯನ್ನು ಒಂದೇ ಪದರವಾಗಿ ಹರಡಿ, ಅದರ ಮೇಲೆ ಇನ್ನೊಂದು ತಟ್ಟೆ ಇಟ್ಟರೆ ಹೇಗಿರುತ್ತದೆಂದು ಯೋಚಿಸಿ. ಮೇಲಿನ ತಟ್ಟೆ ಕಾಳುಗಳ ನೆತ್ತಿಯನ್ನು ಮಾತ್ರ ಮುಟ್ಟುತ್ತದೆ, ಉಳಿದ ಜಾಗವೆಲ್ಲ ಖಾಲಿ. ಸಿಲ್ವರ್ ಅವರ ಗೋಳಗಳೂ ಹಾಗೆ ಅಲ್ಲಲ್ಲಿ ಮಾತ್ರ ಅಂಟಿದವು. ಪ್ರತಿಯೊಂದು ಗೋಳವೂ ಜಿಗುಟೇ, ಆದರೆ ಮುಟ್ಟಿದ ಜಾಗ ಕಡಿಮೆಯಾದ್ದರಿಂದ ಎಳೆದರೆ ಬಿಟ್ಟುಬರುತ್ತಿತ್ತು. ಗೋಳಗಳು ಚಪ್ಪಟೆಯಾಗದೆ ಇದ್ದುದರಿಂದ ಮತ್ತೆ ಅಂಟಿಸಬಹುದಿತ್ತು, ಮತ್ತೆ ಕೀಳಬಹುದಿತ್ತು. ಅವು ಕಾಸಿದರೆ ಕರಗುತ್ತಿರಲಿಲ್ಲ, ದ್ರಾವಕಗಳಲ್ಲೂ ಕರಗುತ್ತಿರಲಿಲ್ಲ.

ವಿಮಾನಕ್ಕೆ ಬೇಕಾದ ಅಂಟಿನ ದೃಷ್ಟಿಯಿಂದ ನೋಡಿದರೆ ಇದು ಸೊನ್ನೆ ಅಂಕಕ್ಕೆ ಯೋಗ್ಯವಾದ ಫಲಿತಾಂಶ. ನಮ್ಮ ಶಾಲೆಗಳ ಪ್ರಾಯೋಗಿಕ ತರಗತಿಯಾಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಪಕ್ಕದ ಮೇಜಿನವನ ದಾಖಲೆ ಪುಸ್ತಕ ನೋಡಿ, ಬರಬೇಕಾದ ಉತ್ತರವನ್ನು ಬರೆದು, ಸಹಿ ಹಾಕಿಸಿಕೊಂಡು ಬಂದುಬಿಡುವುದು! ಗುರುತ್ವ ವೇಗೋತ್ಕರ್ಷ 9.8ಕ್ಕೆ ಬದಲು 8.6 ಬಂದರೆ ಲೋಲಕದ ದಾರದ ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆದೆವು ಎಂದು ಕೇಳಿಕೊಳ್ಳುವ ಹುಡುಗ ನೂರಕ್ಕೊಬ್ಬ ಸಿಕ್ಕರೆ ಪುಣ್ಯ. ಇದು ಮಕ್ಕಳ ತಪ್ಪಲ್ಲ ಬಿಡಿ. ಅಂಕ ಇರುವುದು ಉತ್ತರಕ್ಕೆ.

ಸಿಲ್ವರ್ ಮಾತ್ರ ತಮಗೆ ಸಿಕ್ಕಿದ ವಸ್ತುವನ್ನು ತಪ್ಪು ಉತ್ತರವೆಂದು ಭಾವಿಸಲಿಲ್ಲ. ಸಮಸ್ಯೆಗಾಗಿ ಕಾದು ಕುಳಿತಿರುವ ಪರಿಹಾರ ಎಂದು ಅದನ್ನು ಕರೆದರು. ಕಂಪೆನಿಯೊಳಗೆ ವಿಜ್ಞಾನಿಗಳದೇ ಒಂದು ವೇದಿಕೆ ಇತ್ತು. ಅಲ್ಲಿ ಉಪನ್ಯಾಸ ಕೊಟ್ಟರು. ಬೇರೆ ವಿಭಾಗಗಳಿಗೆ ಹೋಗಿ ತೋರಿಸಿದರು. ಕಾರಿಡಾರಿನಲ್ಲಿ ಸಿಕ್ಕವರನ್ನು ನಿಲ್ಲಿಸಿ ಹೇಳಿದರು. ಇವರಿಗೆ 'ಹಟದ ಮನುಷ್ಯ' ಎಂಬರ್ಥದ ಅಡ್ಡಹೆಸರೇ ಬಿತ್ತು. ಕಾಗದ ಅಂಟಿಸಿ ತೆಗೆಯಬಹುದಾದ ಸೂಚನಾಫಲಕವೊಂದನ್ನು ಈ ಗೋಂದಿನಿಂದ ಮಾಡಿದ್ದೂ ಆಯಿತು, ಅದು ಅಷ್ಟೇನೂ ಮಾರಾಟವಾಗಲಿಲ್ಲ. 1972ರಲ್ಲಿ ಪೇಟೆಂಟ್ ಬಂತು, ಉಪಯೋಗ ಮಾತ್ರ ಬರಲಿಲ್ಲ. ಆರ್ಟ್ ಫ್ರೈ ಕಿವಿಗೆ ಈ ಗೋಂದಿನ ಸುದ್ದಿ ಮೊದಲು ಬಿದ್ದದ್ದು ಗಾಲ್ಫ್ ಆಡುವಾಗ, ಸಹೋದ್ಯೋಗಿಯೊಬ್ಬರ ಬಾಯಿಂದ. ಆಮೇಲೆ ಅವರು ಸಿಲ್ವರ್ ಉಪನ್ಯಾಸಕ್ಕೂ ಹೋಗಿ ಕೇಳಿಬಂದರು. ಕೇಳಿದ್ದು ಮನಸ್ಸಿನ ಮೂಲೆಯಲ್ಲಿ ಉಳಿದಿತ್ತು, ಚರ್ಚಿನಲ್ಲಿ ಹೊರಬಂತು.

ಒಂದು ಕಚೇರಿಯಲ್ಲಿ ಐದಾರು ವರ್ಷ ಒಬ್ಬ ನೌಕರ ಪ್ರಯೋಜನವಿಲ್ಲದ ವಸ್ತುವೊಂದರ ಕಥೆ ಹೇಳುತ್ತಾ ತಿರುಗಿದರೆ ಮೇಲಧಿಕಾರಿಗಳು ಸುಮ್ಮನಿರುತ್ತಾರೆಯೇ? ತ್ರೀಎಂನಲ್ಲಿ ಸುಮ್ಮನಿದ್ದರು. ಅದಕ್ಕೆ ಕಾರಣ ಇನ್ನೂ ಹಳೆಯ ಕಥೆಗಳಲ್ಲಿದೆ.

ಕಲ್ಲೇ ಸುಳ್ಳಾದಾಗ

'ಮಿನೆಸೋಟ ಗಣಿ ಮತ್ತು ಉತ್ಪಾದನಾ ಕಂಪೆನಿ' ಎಂಬುದು ತ್ರೀಎಂನ ಮೂಲ ಹೆಸರಿನ ಅರ್ಥ. 1902ರಲ್ಲಿ ಸುಪೀರಿಯರ್ ಸರೋವರದ ದಂಡೆಯ ಟೂ ಹಾರ್ಬರ್ಸ್ ಎಂಬ ಊರಿನಲ್ಲಿ ಐದು ಜನ ಸೇರಿ ಇದನ್ನು ಕಟ್ಟಿದರು. ಅಲ್ಲಿಯ ಬಂಡೆಗಳಲ್ಲಿ ಕುರುಂದದ ಕಲ್ಲಿದೆ, ಅದನ್ನು ಅಗೆದು ಸಾಣೆಚಕ್ರ ಮಾಡುವವರಿಗೆ ಮಾರಬಹುದು ಎಂಬುದು ಲೆಕ್ಕಾಚಾರ. ವಜ್ರದ ಕಾಠಿಣ್ಯ 10 ಎಂದಿಟ್ಟುಕೊಂಡ ಮೋಸ್ ಅಳತೆಯಲ್ಲಿ ಕುರುಂದದ್ದು 9. ಅಗೆದು ನೋಡಿದರೆ ಸಿಕ್ಕಿದ್ದು ಅನಾರ್ಥೊಸೈಟ್ ಎಂಬ ಬೇರೆ ಕಲ್ಲು. ಅದರ ಕಾಠಿಣ್ಯ 6ರ ಆಸುಪಾಸು. ಸಾಣೆಗೆ ನಾಲಾಯಕ್ಕು! ಆ ದಿನಗಳಲ್ಲಿ ಕಂಪೆನಿಯ ಷೇರಿಗೆ ಹೆಂಡದಂಗಡಿಯಲ್ಲಿ ಒಂದು ಗುಟುಕು ವಿಸ್ಕಿಯ ಬೆಲೆ ಇತ್ತೆಂಬ ಕಥೆಯನ್ನು ಕಂಪೆನಿಯವರೇ ಇಂದಿಗೂ ನಗುತ್ತಾ ಹೇಳುತ್ತಾರೆ. ಗಣಿ ಕೈಕೊಟ್ಟ ಮೇಲೆ ಅವರು ಮರಳುಕಾಗದ ಮಾಡಲು ತೊಡಗಿದರು. ಹೆಸರಿನಲ್ಲಿ ಮಾತ್ರ ಗಣಿ ಉಳಿದುಕೊಂಡಿತು.

1914ರಲ್ಲಿ ಮತ್ತೊಂದು ಪೆಟ್ಟು. ಕಾಗದದ ಮೇಲಿನ ಹರಳುಪುಡಿ ಉಜ್ಜುವ ಮೊದಲೇ ಉದುರಿಹೋಗುತ್ತಿದೆಯೆಂದು ಗಿರಾಕಿಗಳ ದೂರು. ಹುಡುಕಿದಾಗ ಸಿಕ್ಕಿದ ಕಾರಣ ಪತ್ತೇದಾರಿ ಕಾದಂಬರಿಗೆ ತಕ್ಕದ್ದು. ಸ್ಪೇನಿನಿಂದ ಗಾರ್ನೆಟ್ ಹರಳು ತಂದ ಹಡಗಿನಲ್ಲೇ ಆಲಿವ್ ಎಣ್ಣೆಯ ಪೀಪಾಯಿಗಳೂ ಇದ್ದವು. ಬಿರುಗಾಳಿಯಲ್ಲಿ ಪೀಪಾಯಿ ಒಡೆದು ಹರಳೆಲ್ಲ ಎಣ್ಣೆಯಲ್ಲಿ ಮಿಂದಿತ್ತು. ಎಣ್ಣೆ ಕುಡಿದ ಕಲ್ಲಿಗೆ ಅಂಟು ಹಿಡಿಯುವುದಾದರೂ ಹೇಗೆ? ಬಂದ ಸರಕನ್ನು ಪರೀಕ್ಷಿಸಲಿಕ್ಕೆಂದು 1916ರಲ್ಲಿ ಒಂದು ಪುಟ್ಟ ಪ್ರಯೋಗಾಲಯ ಶುರುವಾಯಿತು. ಸಿಲ್ವರ್ ಕೆಲಸ ಮಾಡಿದ ದೊಡ್ಡ ಪ್ರಯೋಗಾಲಯಗಳ ಮೂಲ ಈ ಎಣ್ಣೆಯ ಪೀಪಾಯಿಯಲ್ಲಿದೆ ಎಂದರೂ ನಡೆದೀತು.

ಅದನ್ನು ಮಾಡಿಸಿದವರು ವಿಲಿಯಂ ಮೆಕ್‌ನೈಟ್. 1907ರಲ್ಲಿ ಲೆಕ್ಕ ಬರೆಯುವ ಸಹಾಯಕರಾಗಿ ಸೇರಿ, ಕೊನೆಗೆ ಕಂಪೆನಿಯ ಅಧ್ಯಕ್ಷಸ್ಥಾನಕ್ಕೇರಿದವರು. 1920ರಲ್ಲಿ ಅವರ ಮೇಜಿಗೆ ಒಂದು ಕಾಗದ ಬಂತು. ಫಿಲಡೆಲ್ಫಿಯಾದ ಫ್ರಾನ್ಸಿಸ್ ಓಕಿ ಎಂಬ ಶಾಯಿ ತಯಾರಕರು ನೀವು ಬಳಸುವ ಹರಳುಪುಡಿಯ ಎಲ್ಲ ಬಗೆಯ ಮಾದರಿಗಳನ್ನೂ ಕಳಿಸಿಕೊಡಿ ಎಂದು ಬರೆದಿದ್ದರು. ಪುಡಿ ಮಾರುವುದಿಲ್ಲವೆಂದು ಒಂದು ಸಾಲು ಬರೆಸಿ ಮುಗಿಸಬಹುದಿತ್ತು. ಶಾಯಿ ಮಾಡುವವನಿಗೆ ಮರಳುಪುಡಿ ಏತಕ್ಕೆ ಎಂಬ ಪ್ರಶ್ನೆ ಮೆಕ್‌ನೈಟ್ ಅವರನ್ನು ಕಾಡಿತು. ವಿಚಾರಿಸಿದರೆ, ಓಕಿ ನೀರಿನಲ್ಲಿ ನೆನೆದರೂ ಕೆಡದ ಮರಳುಕಾಗದ ಕಂಡುಹಿಡಿದಿದ್ದರು. ನೀರು ಹಾಕಿ ಉಜ್ಜಿದರೆ ದೂಳು ಏಳುವುದಿಲ್ಲ. ತ್ರೀಎಂ ಹಕ್ಕನ್ನೂ ಕೊಂಡಿತು, ಓಕಿಯವರನ್ನೂ ಕೆಲಸಕ್ಕೆ ಕರೆದುಕೊಂಡಿತು. ಇದೇ ಓಕಿ, ಗಡ್ಡ ಹೆರೆಯಲು ಬ್ಲೇಡಿನ ಬದಲು ನುಣುಪಾದ ಮರಳುಕಾಗದ ಬಳಸಬಹುದೆಂದು ಹೇಳಿ ತಮ್ಮ ಕೆನ್ನೆಯ ಮೇಲೆ ಉಜ್ಜಿ ನೋಡಿದರೆಂದೂ ಕಥೆಯುಂಟು!

ತೊಂಬತ್ತೊಂಬತ್ತು ಡಾಲರಿನ ಉಪಾಯ

ಆ ನೀರುಕಾಗದವನ್ನು ಮೋಟಾರು ಗ್ಯಾರೇಜುಗಳಿಗೆ ಒಯ್ದು ಪರೀಕ್ಷಿಸುವ ಕೆಲಸ ರಿಚರ್ಡ್ ಡ್ರೂ ಎಂಬ ತರುಣನ ಪಾಲಿಗೆ ಬಂತು. ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟವರು, ಬ್ಯಾಂಜೊ ನುಡಿಸಿ ಸಂಪಾದಿಸುತ್ತಿದ್ದವರು. ಆಗ ಕಾರುಗಳಿಗೆ ಎರಡು ಬಣ್ಣ ಹೊಡೆಸುವುದು ಷೋಕಿಯಾಗಿತ್ತು. ಒಂದು ಬಣ್ಣದ ಮೇಲೆ ಕಾಗದ ಅಂಟಿಸಿ ಮುಚ್ಚಿ, ಪಕ್ಕಕ್ಕೆ ಇನ್ನೊಂದು ಬಣ್ಣ ಹೊಡೆಯಬೇಕು. ಕಾಗದ ಕೀಳುವಾಗ ಕೆಳಗಿನ ಬಣ್ಣವೂ ಎದ್ದುಬರುತ್ತಿತ್ತು. ಪೇಂಟರ್ ಒಬ್ಬ ಬಾಯಿಗೆ ಬಂದಂತೆ ಬೈಯುತ್ತಿದ್ದುದನ್ನು ಕೇಳಿ ಡ್ರೂ, "ನಾನು ಮಾಡಿಕೊಡುತ್ತೇನೆ" ಎಂದು ಮಾತು ಕೊಟ್ಟುಬಂದರು. ಹೇಗೆ ಮಾಡುವುದೆಂದು ಅವರಿಗೆ ಗೊತ್ತಿರಲಿಲ್ಲ.

ಸುಮಾರು ಎರಡು ವರ್ಷ ಒದ್ದಾಡಿದರು. ಮೆಕ್‌ನೈಟ್ ಒಂದು ಹಂತದಲ್ಲಿ ಇದನ್ನು ಬಿಟ್ಟು ನಿನ್ನ ಕೆಲಸಕ್ಕೆ ಮರಳು ಎಂದು ಹೇಳಿಯೂಬಿಟ್ಟರು. ಡ್ರೂ ಹೂಂ ಎಂದು ಕೆಲವು ಕಾಲ ಬಿಟ್ಟು, ಮತ್ತೆ ಹಿಡಿದುಕೊಂಡರು. ಮೆಕ್‌ನೈಟ್ ಪ್ರಯೋಗಾಲಯದ ಮೂಲಕ ಹಾದುಹೋದಾಗ ಅದು ಕಣ್ಣಿಗೆ ಬಿತ್ತು. ಅವರು ಏನೂ ಹೇಳದೆ ಮುಂದೆ ನಡೆದರು. ಮುಂದೆ ಕಾಗದದ ಯಂತ್ರವೊಂದನ್ನು ಕೊಳ್ಳಲು ಡ್ರೂ ಅನುಮತಿ ಕೇಳಿದಾಗ ಸಿಗಲಿಲ್ಲ. ನೂರು ಡಾಲರ್ ಒಳಗಿನ ಖರೀದಿಗೆ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಆದ್ದರಿಂದ 99 ಡಾಲರಿನ ಒಂದೊಂದೇ ಆದೇಶ ಬರೆದು, ಕಂತುಕಂತಾಗಿ ಯಂತ್ರ ತರಿಸಿಕೊಂಡರಂತೆ! ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಬೇರೆ ಹೆಸರುಂಟು, ಲೆಕ್ಕಪರಿಶೋಧಕರು ಬಂದಾಗ ಉತ್ತರ ಹೇಳುವುದು ಕಷ್ಟ. ಪೇಂಟರುಗಳ ಟೇಪು 1925ರಲ್ಲಿ ಸಿದ್ಧವಾಯಿತು. 1930ರಲ್ಲಿ ಅದೇ ಡ್ರೂ ಸೆಲೊಫೇನ್ ಹಾಳೆಗೆ ಅಂಟು ಬಳಿದು ಮಾಡಿದ್ದೇ, ಮಕ್ಕಳು ಪುಸ್ತಕಕ್ಕೆ ಹೊದಿಕೆ ಹಾಕಲು ಬಳಸುವ ಪಾರದರ್ಶಕ ಟೇಪು. ಅಮೆರಿಕದಲ್ಲಿ ಆಗ ಆರ್ಥಿಕ ಕುಸಿತದ ಕಾಲ. ಹೊಸದು ಕೊಳ್ಳಲಾರದ ಜನ ಹರಿದದ್ದನ್ನೆಲ್ಲ ಅಂಟಿಸಿಕೊಳ್ಳಲು ಅದನ್ನು ಕೊಂಡರು.

ಇದರಿಂದ ಮೆಕ್‌ನೈಟ್ ತಾವೂ ಒಂದು ಪಾಠ ಕಲಿತರು. ತಾನು ಬೇಡವೆಂದ ಕೆಲಸವೇ ಕಂಪೆನಿಯನ್ನು ಬದುಕಿಸಿತಲ್ಲ! ಸಮರ್ಥ ನೌಕರ ಮಾಡುವ ತಪ್ಪಿಗಿಂತ, ಹೀಗೆಯೇ ಮಾಡು ಎಂದು ಅವನಿಗೆ ಅಪ್ಪಣೆ ಕೊಡುವ ಮೇಲಧಿಕಾರಿಯ ತಪ್ಪು ಹೆಚ್ಚು ದುಬಾರಿ ಎಂಬ ಅರ್ಥದ ಮಾತನ್ನು ಅವರು 1948ರಲ್ಲಿ ಕಂಪೆನಿಯ ನೀತಿಯಾಗಿ ಬರೆದಿಟ್ಟರು. ವಿಜ್ಞಾನಿಗಳು ತಮ್ಮ ವೇಳೆಯ ಶೇಕಡಾ 15ರವರೆಗೆ ಸ್ವಂತ ಇಷ್ಟದ ಕೆಲಸಕ್ಕೆ ಬಳಸಬಹುದೆಂಬ ಪದ್ಧತಿಯೂ ಬೆಳೆಯಿತು. ಆದರೆ ಶೇಕಡಾ 15 ಎಂದು ಬರೆದಿಟ್ಟ ಮಾತ್ರಕ್ಕೆ ಯಾರೂ ಧೈರ್ಯ ಮಾಡುವುದಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಹಿರಿಯನೊಬ್ಬ ಊಟದ ವೇಳೆ 99 ಡಾಲರಿನ ಕಥೆ ಹೇಳಿದಾಗ ಮಾತ್ರ ಆ ನಿಯಮಕ್ಕೆ ಜೀವ ಬರುತ್ತದೆ. ಇಲ್ಲಿ ಎಷ್ಟು ದೂರ ಹೋಗಬಹುದು, ಅಧಿಕಾರಿ ಬೇಡ ಎಂದರೆ ಅದು ಎಷ್ಟು ಬೇಡ ಎಂಬುದು ನಿಯಮದ ಪುಸ್ತಕದಿಂದ ತಿಳಿಯುವ ವಿಷಯವಲ್ಲ.

ಗೋಡೆ ಒಡೆದ ಯಂತ್ರ

ಫ್ರೈ ಅವರಿಗೆ ಚರ್ಚಿನಲ್ಲಿ ಹೊಳೆದದ್ದು ಪುಟದ ಗುರುತು. ಚೀಟಿ ಹೊಳೆದದ್ದು ಕಚೇರಿಯಲ್ಲಿ. ಯಾವುದೋ ವರದಿಯ ಬಗ್ಗೆ ಸಂಶಯ ಬಂದಾಗ ಗುರುತಿನ ಚೂರೊಂದರ ಮೇಲೆ ಪ್ರಶ್ನೆ ಬರೆದು ವರದಿಗೆ ಅಂಟಿಸಿ ಮೇಲಧಿಕಾರಿಗೆ ಕಳಿಸಿದರು. ಉತ್ತರ ಅದೇ ಚೂರಿನ ಮೇಲೆ ಬಂತು. ಓಹೋ, ಇದು ಗುರುತು ಮಾತ್ರವಲ್ಲ, ಮಾತಾಡುವ ಕಾಗದ!

ಆದರೂ ತೊಡಕುಗಳು ಬಹಳ. ಗೋಂದು ಚೀಟಿಯ ಮೇಲೆ ನಿಲ್ಲದೆ, ಅಂಟಿಸಿದ ಪುಟಕ್ಕೇ ವರ್ಗವಾಗಿಬಿಡುತ್ತಿತ್ತು. ರೋಜರ್ ಮೆರಿಲ್ ಮತ್ತು ಹೆನ್ರಿ ಕರ್ಟ್‌ನಿ ಎಂಬ ಇಬ್ಬರು ವಿಜ್ಞಾನಿಗಳು ಗೋಳಗಳನ್ನು ಚೀಟಿಗೇ ಕಚ್ಚಿ ಹಿಡಿಯುವ ಇನ್ನೊಂದು ಲೇಪ ಕಂಡುಹಿಡಿದರು. ಇವರ ಹೆಸರನ್ನು ಯಾರೂ ಹೇಳುವುದಿಲ್ಲ. ಚರ್ಚಿನ ಕಥೆಗೆ ಇರುವ ಸೊಗಸು ಲೇಪದ ಕಥೆಗೆ ಇಲ್ಲ ನೋಡಿ. ಹಾಳೆಯ ಒಂದು ಅಂಚಿಗೆ ಮಾತ್ರ ಗೋಂದು ಬಳಿಯುವ ಯಂತ್ರವನ್ನು ಮಾಡಲಾಗದು ಎಂದಾಗ, ಫ್ರೈ ತಮ್ಮ ಮನೆಯ ನೆಲಮಾಳಿಗೆಯಲ್ಲಿ ತಾವೇ ಅದನ್ನು ಕಟ್ಟಿದರು. ಕಟ್ಟಿದ ಮೇಲೆ ಅದು ಬಾಗಿಲಿನಲ್ಲಿ ಹಿಡಿಸಲಿಲ್ಲ, ಗೋಡೆ ಒಡೆದು ಹೊರತರಬೇಕಾಯಿತು. ಹಳದಿ ಬಣ್ಣದ ಹಿಂದೆ ಯಾವ ಮನಶ್ಶಾಸ್ತ್ರವೂ ಇರಲಿಲ್ಲ. ಪಕ್ಕದ ಪ್ರಯೋಗಾಲಯದಲ್ಲಿ ಬಿದ್ದಿದ್ದ ರದ್ದಿ ಕಾಗದ ಹಳದಿಯಾಗಿತ್ತು, ಅಷ್ಟೆ.

1977ರಲ್ಲಿ ನಾಲ್ಕು ನಗರಗಳಲ್ಲಿ ಮಾರಾಟಕ್ಕಿಟ್ಟು ನೋಡಿದರು. ಜನ ಅಷ್ಟಾಗಿ ಮೂಸಲಿಲ್ಲ. ಕಾಗದದ ಚೂರಿಗೆ ದುಡ್ಡು ಕೊಡುವವರು ಯಾರು? ಜಾಹೀರಾತಿನ ಮಾತಿನಲ್ಲಿ ಇದನ್ನು ವಿವರಿಸುವುದೇ ಸಾಧ್ಯವಿರಲಿಲ್ಲ. ಮರುವರ್ಷ ಐಡಾಹೊ ರಾಜ್ಯದ ಬಾಯ್ಸಿ ನಗರದ ಕಚೇರಿಗಳಿಗೆ ಚೀಟಿಯ ಕಟ್ಟುಗಳನ್ನು ಪುಕ್ಕಟೆ ಹಂಚಿದರು. ಬಳಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂದರು. 1980ರಲ್ಲಿ ದೇಶದಾದ್ಯಂತ ಮಾರಾಟ ಶುರುವಾಯಿತು.

ಪಟ್ಟಿಯೋ ಕಥೆಯೋ

ಈ ಕಥೆಗಳ ಬೆಲೆ ತ್ರೀಎಂಗೆ ಗೊತ್ತಿತ್ತು. ಅದರ ಯೋಜನಾ ವಿಭಾಗದ ಮುಖ್ಯಸ್ಥರಾಗಿದ್ದ ಗಾರ್ಡನ್ ಷಾ ಇಬ್ಬರು ಸಂಗಡಿಗರೊಡನೆ 1998ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಂಪೆನಿಯ ಯೋಜನೆಗಳನ್ನು ಅಂಶಗಳ ಪಟ್ಟಿಯಾಗಿ ಬರೆಯುವುದನ್ನು ಬಿಟ್ಟು ಕಥೆಯ ರೂಪದಲ್ಲಿ ಬರೆಯತೊಡಗಿದ್ದೇವೆ ಎಂಬುದು ಅದರ ಸಾರ. ಮಾರಾಟ ಹೆಚ್ಚಿಸುವುದು, ವೆಚ್ಚ ತಗ್ಗಿಸುವುದು, ಹೊಸ ವಸ್ತು ತರುವುದು ಎಂದು ಒಂದರ ಕೆಳಗೊಂದು ಬರೆದರೆ ನೋಡಲು ಅಚ್ಚುಕಟ್ಟು. ಯಾವುದರಿಂದ ಯಾವುದು ಆಗುತ್ತದೆ, ಅಡ್ಡಿ ಏನು, ಯಾರು ಏನು ಮಾಡಬೇಕು ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಕಥೆಯಲ್ಲಿ ಅವನ್ನೆಲ್ಲ ಹೇಳದೆ ವಿಧಿಯಿಲ್ಲ. ಗೈಡುಗಳಿಂದ 'ಕಾರಣಗಳು: 1, 2, 3' ಎಂದು ಉರುಹೊಡೆಯುವ ವಿದ್ಯಾರ್ಥಿಗಳಿಗೆ ಇದರ ಮರ್ಮ ಬೇಗ ಹೊಳೆದೀತು. ಮೂರನೆಯ ಕಾರಣ ಮರೆತುಹೋದರೆ ಎರಡನೆಯದರಿಂದ ಅದನ್ನು ಊಹಿಸಲು ಬರುವುದಿಲ್ಲ.

ಪ್ರಯೋಗಾಲಯದ ಆಚೆಗೂ ಇದು ನಿಜ. ಜೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಅವರು 1980ರ ದಶಕದಲ್ಲಿ ನಕಲುಯಂತ್ರ ರಿಪೇರಿ ಮಾಡುವವರ ಜೊತೆ ತಿರುಗಿ, ಅವರ ಕೆಲಸವನ್ನು ಹತ್ತಿರದಿಂದ ನೋಡಿದರು. ಕಂಪೆನಿ ಅವರಿಗೆ ದಪ್ಪ ಕೈಪಿಡಿ ಕೊಟ್ಟಿತ್ತು. ಇಂಥ ಸಂಕೇತ ಬಂದರೆ ಇಂಥ ಭಾಗ ಬದಲಿಸು ಎಂದು ಅದರಲ್ಲಿ ಎಲ್ಲವೂ ಇತ್ತು. ಒಮ್ಮೆ ಒಂದು ಯಂತ್ರ ತೋರಿಸುತ್ತಿದ್ದ ಸಂಕೇತಕ್ಕೂ ಅದರ ನಿಜವಾದ ರೋಗಕ್ಕೂ ತಾಳೆಯೇ ಆಗಲಿಲ್ಲ. ರಿಪೇರಿಯವನು ತನ್ನ ಮೇಲಿನ ತಜ್ಞನನ್ನು ಕರೆಸಿದ. ಅವನಿಗೂ ತಿಳಿಯಲಿಲ್ಲ. ಇಬ್ಬರೂ ಯಂತ್ರದ ಮುಂದೆ ಗಂಟೆಗಟ್ಟಲೆ ಕುಳಿತು, ಹಿಂದೆ ತಾವು ಕಂಡ ಕೆಟ್ಟ ಯಂತ್ರಗಳ ಕಥೆಗಳನ್ನು ಒಂದಾದ ಮೇಲೊಂದು ಹೇಳಿಕೊಂಡರು. ಅವನ ಕಥೆಯ ತುಂಡು, ಇವನ ಕಥೆಯ ತುಂಡು ಸೇರಿ ಕೊನೆಗೆ ರೋಗ ಸಿಕ್ಕಿತು. ಹೊರಗಿನಿಂದ ನೋಡಿದವರಿಗೆ ಇಬ್ಬರು ನೌಕರರು ಹರಟೆ ಹೊಡೆಯುತ್ತಿರುವಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಜಪಾನಿನ ಹೋಂಡಾ ಕಂಪೆನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೇಕೆಂದೇ ಅಸ್ಪಷ್ಟವಾಗಿ ಮಾತಾಡಿದರು. 1978ರಲ್ಲಿ ಹೊಸ ಕಾರಿಗಾಗಿ ತರುಣರ ತಂಡ ಕಟ್ಟಿದಾಗ ಉದ್ದ ಇಷ್ಟು, ಅಗಲ ಇಷ್ಟು ಎಂದು ಹೇಳಲಿಲ್ಲ. ಹಿಂದೆಂದೂ ಇಲ್ಲದಂಥದ್ದು ಮಾಡಿ, ಬೆಲೆ ಕಡಿಮೆಯಿರಲಿ, ಕಳಪೆಯಾಗುವುದು ಬೇಡ ಎಂದರು. ತಂಡದ ನಾಯಕ ಹಿರೊ ವತನಬೆ ಅದನ್ನು ಒಂದು ಒಗಟಾಗಿ ಮಾಡಿಕೊಂಡರು: ಕಾರು ಒಂದು ಪ್ರಾಣಿಯಾಗಿದ್ದರೆ ಅದು ಹೇಗೆ ವಿಕಾಸವಾಗುತ್ತಿತ್ತು? ಚರ್ಚಿಸುತ್ತಾ ಹೋದವರಿಗೆ ಗೋಳ ನೆನಪಾಯಿತು. ಅತಿ ಕಡಿಮೆ ಹೊರಮೈಯಲ್ಲಿ ಅತಿ ಹೆಚ್ಚು ಜಾಗ ಕೊಡುವ ಆಕಾರ ಗೋಳ ತಾನೆ? ಉದ್ದ ಕಡಿಮೆ, ಎತ್ತರ ಹೆಚ್ಚು, ಒಳಗೆ ವಿಶಾಲ. 1981ರಲ್ಲಿ ಹೊರಬಂದ 'ಹೋಂಡಾ ಸಿಟಿ' ಕಾರು ಹುಟ್ಟಿದ್ದು ಹೀಗೆ. ಕಾರೆಂದರೆ ತಗ್ಗಾಗಿ ಉದ್ದವಾಗಿ ಇರಬೇಕೆಂಬ ಆ ಕಾಲದ ನಂಬಿಕೆಗೆ ಅದು ತಿರುಗುಬಾಣ. ಜಪಾನಿನ ಪ್ರಾಧ್ಯಾಪಕ ಇಕುಜಿರೊ ನೊನಾಕ ಇದನ್ನು 1991ರಲ್ಲಿ ವಿವರವಾಗಿ ಬರೆದು ಪ್ರಸಿದ್ಧಿಗೆ ತಂದರು.

ಹಾಗೆಂದು ಎಲ್ಲವೂ ಅಸ್ಪಷ್ಟವಾಗಿದ್ದರೆ ಅಂಗಡಿ ನಡೆಯುವುದಿಲ್ಲ. ಮರಳುಕಾಗದದಿಂದ ಪುಡಿ ಉದುರಿದರೆ ಗಿರಾಕಿ ಕಥೆ ಕೇಳುತ್ತಾ ನಿಲ್ಲುತ್ತಾನೆಯೇ? ತ್ರೀಎಂಗೂ ಈ ಇಕ್ಕಟ್ಟು ಬಂತು. 2000ದ ಕೊನೆಗೆ ಜೇಮ್ಸ್ ಮೆಕ್‌ನರ್ನಿ ಎಂಬುವರು ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ ಬಂದು ಇದರ ಚುಕ್ಕಾಣಿ ಹಿಡಿದರು. ಎಂಟು ಸಾವಿರ ಮಂದಿ ಕೆಲಸ ಕಳೆದುಕೊಂಡರು. 'ಸಿಕ್ಸ್ ಸಿಗ್ಮಾ' ಎಂಬ ಪದ್ಧತಿ ಜಾರಿಗೆ ಬಂತು. ಹತ್ತು ಲಕ್ಷ ಅವಕಾಶಗಳಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ದೋಷ ಇರಬಾರದೆಂಬುದು ಅದರ ಗುರಿ. ಕಾರ್ಖಾನೆಗೆ ಅದು ಒಳ್ಳೆಯದೇ, ಲಾಭವೂ ಏರಿತು. ಪ್ರಯೋಗಾಲಯಕ್ಕೂ ಅದೇ ಅಳತೆಗೋಲು ಹಿಡಿದಾಗ ತೊಂದರೆಯಾಯಿತು. ಇನ್ನೂ ಹುಟ್ಟದ ವಸ್ತುವಿಗೆ ಎಷ್ಟು ಗಿರಾಕಿಗಳಿದ್ದಾರೆಂದು ನಮೂನೆ ತುಂಬಿಕೊಡುವುದು ಹೇಗೆ? ಐದು ವರ್ಷದೊಳಗಿನ ಹೊಸ ವಸ್ತುಗಳಿಂದ ಬರುತ್ತಿದ್ದ ಮಾರಾಟ ಮೂರನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತೆಂದು 2007ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆ ವರದಿ ಮಾಡಿತು. ಆ ಪದ್ಧತಿ ಹಿಂದೆಯೇ ಇದ್ದಿದ್ದರೆ ಹಳದಿ ಚೀಟಿ ಹುಟ್ಟುತ್ತಿರಲಿಲ್ಲವೆಂಬುದು ಅಲ್ಲಿ ಕೆಲಸ ಮಾಡಿದ್ದ ಕೆಲವರ ಅಭಿಪ್ರಾಯ. ಆ ಹೊತ್ತಿಗೆ ಬಂದಿದ್ದ ಹೊಸ ಮುಖ್ಯಸ್ಥ ಜಾರ್ಜ್ ಬಕ್ಲಿ ಸಂಶೋಧಕರ ಮಟ್ಟಿಗೆ ಆ ಪಟ್ಟನ್ನು ಸಡಿಲಿಸಿದರು.

ಕ್ಯಾನ್ವಾಸ್ ಬೂಟಿನ ಕಲೆ

ತ್ರೀಎಂನವರು ಪ್ರೀತಿಯಿಂದ ಹೇಳಿಕೊಂಡು ಬಂದ ಇನ್ನೂ ಒಂದು ಕಥೆಯಿದೆ. 1953ರಲ್ಲಿ ಪ್ರಯೋಗಾಲಯದ ಸಹಾಯಕಿಯೊಬ್ಬಳ ಕೈಯಿಂದ ಬಾಟಲಿ ಜಾರಿ, ಪ್ಯಾಟ್ಸಿ ಶೆರ್ಮನ್ ಎಂಬ ರಸಾಯನವಿಜ್ಞಾನಿ ತಯಾರಿಸಿದ್ದ ದ್ರವ ಅವಳ ಬಿಳಿ ಕ್ಯಾನ್ವಾಸ್ ಬೂಟಿನ ಮೇಲೆ ಚೆಲ್ಲಿತು. ಸಾಬೂನಿನಿಂದ ಹೋಗಲಿಲ್ಲ, ಸ್ಪಿರಿಟ್‌ನಿಂದ ಹೋಗಲಿಲ್ಲ. ದಿನ ಕಳೆದಂತೆ ಬೂಟೆಲ್ಲ ಕೊಳೆಯಾಯಿತು, ದ್ರವ ಬಿದ್ದ ಜಾಗ ಮಾತ್ರ ಶುಭ್ರವಾಗಿಯೇ ಉಳಿಯಿತು. ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಅದರ ಬೆನ್ನುಹತ್ತಿದರು. ಬಟ್ಟೆ, ರತ್ನಗಂಬಳಿಗಳಿಗೆ ಕೊಳೆ ಹಿಡಿಯದಂತೆ ಬಳಿಯುವ ಸ್ಕಾಚ್‌ಗಾರ್ಡ್ 1956ರಲ್ಲಿ ಮಾರುಕಟ್ಟೆಗೆ ಬಂತು. ಓದಿದರೆ ಸಿಲ್ವರ್ ಕಥೆಯ ಅಣ್ಣನಂತಿದೆ ಅಲ್ಲವೇ?

ಈ ಕಥೆಗೆ ಉಳಿದರ್ಧ ಒಂದಿದೆ. ಆ ಕಲೆ ಏಕೆ ಹೋಗಲಿಲ್ಲ? ಇಂಗಾಲ ಮತ್ತು ಫ್ಲೂರಿನ್ ಪರಮಾಣುಗಳ ನಡುವಿನ ಬಂಧ ಸಾವಯವ ರಸಾಯನಶಾಸ್ತ್ರದಲ್ಲೇ ಅತ್ಯಂತ ಬಲವಾದವುಗಳಲ್ಲೊಂದು. ಸಾಬೂನಿಗೆ ಜಗ್ಗದ ಆ ಗುಣವೇ ಮಣ್ಣಿನಲ್ಲಿ, ನೀರಿನಲ್ಲಿ, ಮನುಷ್ಯನ ದೇಹದಲ್ಲಿಯೂ ಜಗ್ಗಲಿಲ್ಲ. ತನ್ನ ಕಾರ್ಮಿಕರ ರಕ್ತದಲ್ಲಿ ಇಂಥ ಸಂಯುಕ್ತಗಳಿರುವುದು ಕಂಪೆನಿಗೆ 1970ರ ದಶಕದಲ್ಲೇ ತಿಳಿದಿತ್ತೆಂದು ಮುಂದೆ ನ್ಯಾಯಾಲಯದಲ್ಲಿ ಬಯಲಾದ ಅದರದೇ ಕಾಗದಪತ್ರಗಳು ತೋರಿಸಿದವು. ಬೂಟಿನ ಕಥೆಯನ್ನು ಊಟದ ಮೇಜಿನಲ್ಲಿ ಹೇಳಿದವರುಂಟು, ರಕ್ತದ ವರದಿಯನ್ನು ಅಲ್ಲಿ ಯಾರೂ ಓದಿ ಹೇಳಲಿಲ್ಲ. ಸ್ಕಾಚ್‌ಗಾರ್ಡಿನಲ್ಲಿದ್ದ ಮುಖ್ಯ ರಾಸಾಯನಿಕವನ್ನು ನಿಲ್ಲಿಸುವುದಾಗಿ ತ್ರೀಎಂ 2000ದಲ್ಲಿ ಪ್ರಕಟಿಸಿತು. ತವರು ರಾಜ್ಯ ಮಿನೆಸೋಟವೇ ಹೂಡಿದ ಮೊಕದ್ದಮೆಯಲ್ಲಿ 2018ರಲ್ಲಿ 85 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಈ ಬಗೆಯ ರಾಸಾಯನಿಕಗಳ ತಯಾರಿಕೆಯನ್ನೇ 2025ರ ಅಂತ್ಯಕ್ಕೆ ಕೈಬಿಡುವುದಾಗಿ 2022ರಲ್ಲಿ ಸಾರಿತು. ಕುಡಿಯುವ ನೀರು ಪೂರೈಸುವ ಅಮೆರಿಕದ ಸಂಸ್ಥೆಗಳಿಗೆ ಕನಿಷ್ಠ 1,030 ಕೋಟಿ ಡಾಲರ್ ಕೊಡಲು 2023ರಲ್ಲಿ ಒಪ್ಪಿತು, ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಆ ಹಣದಲ್ಲಿ ನೀರನ್ನು ಸೋಸಲು ಬಳಸುವ ವಸ್ತುಗಳಲ್ಲಿ ಒಂದು ಇದ್ದಿಲು. ಅದರ ಸಣ್ಣ ಸಣ್ಣ ರಂಧ್ರಗಳ ಗೋಡೆಗೆ ಆ ಅಣುಗಳು ಅಂಟಿಕೊಳ್ಳುತ್ತವೆ.